ಮೈಗೊಗ್ಗುವ ವರಸೆ

ಯಾವ ಸಮರಕಲೆ ಎಲ್ಲಕ್ಕಿಂತ ದೊಡ್ಡದು ಎಂದು ವಾದಕ್ಕೆ ಕೂತರೆ ಕಾಫಿ ಆರುತ್ತದೆ, ಮಾತು ಮುಗಿಯುವುದಿಲ್ಲ. ಗಾಮಾ ಪೈಲ್ವಾನರೂ ಬ್ರೂಸ್ ಲೀಯೂ ಎದುರುಬದುರಾಗಿದ್ದರೆ ಏನಾಗುತ್ತಿತ್ತು ಎಂಬಲ್ಲಿಂದ ಶುರುವಾಗುತ್ತದೆ. ಕರಾಟೆಯವನು ಕುಸ್ತಿಯವನ ಕೈಗೆ ಸಿಕ್ಕರೆ ಕಥೆ ಮುಗಿಯಿತು ಎಂದು ಒಬ್ಬರು, ಸಿಗುವ ಮೊದಲೇ ಒದೆ ಬಿದ್ದಿರುತ್ತದಲ್ಲ ಎಂದು ಇನ್ನೊಬ್ಬರು. ನನಗೆ ಆ ವಾದ ಬೇಡ. ನನಗೆ, ನಿಮಗೆ, ಪಕ್ಕದ ಮನೆಯ ಹತ್ತು ವರ್ಷದ ಹುಡುಗಿಗೆ, ಮೊನ್ನೆ ನಿವೃತ್ತರಾದ ಅವಳ ತಾತನಿಗೆ ಯಾವುದು ಒಗ್ಗುತ್ತದೆ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಉಂಟು, ಒಬ್ಬೊಬ್ಬರಿಗೆ ಒಂದೊಂದು.

ಈ ಪ್ರಶ್ನೆ ಹಳೆಯದು. ದ್ರೋಣಾಚಾರ್ಯರ ಮುಂದೆ ನೂರೈದು ರಾಜಕುಮಾರರು ಸಾಲಾಗಿ ನಿಂತಾಗಲೂ ಇದೇ ಇದ್ದಿರಬೇಕು. ಎಲ್ಲರಿಗೂ ಎಲ್ಲ ಆಯುಧಗಳ ಪಾಠವಾಯಿತು. ಆದರೆ ಕಲಿಕೆ ಮುಗಿಯುವ ಹೊತ್ತಿಗೆ ಭೀಮ ಮತ್ತು ದುರ್ಯೋಧನ ಗದೆಯವರಾದರು, ಅರ್ಜುನ ಬಿಲ್ಲಿನವನಾದ, ನಕುಲ ಸಹದೇವರು ಕತ್ತಿಯವರಾದರು, ಧರ್ಮರಾಯ ರಥದ ಮೇಲಿನ ಯುದ್ಧದಲ್ಲಿ ಪಳಗಿದ. ಗುರು ಒಬ್ಬನೇ, ಮನೆತನ ಒಂದೇ, ಊಟವೂ ಒಂದೇ ಅಡುಗೆಮನೆಯದು. ಆದರೂ ಭೀಮನ ತೋಳಿಗೆ ಬಿಲ್ಲು ಹಗುರ, ಅರ್ಜುನನ ಕಣ್ಣಿಗೆ ಗದೆ ಸಾಲದು. ಇವರಲ್ಲಿ ಯಾರನ್ನೂ ತಪ್ಪು ಆಯುಧಕ್ಕೆ ಕಟ್ಟಿಹಾಕಲಿಲ್ಲ ಎಂಬುದೇ ದ್ರೋಣರ ಗುರುತನದ ದೊಡ್ಡ ಗುಣ ಎಂದು ನಾನು ನಂಬಿದ್ದೇನೆ. ಏಕಲವ್ಯನ ವಿಷಯದಲ್ಲಿ ಅವರು ಮಾಡಿದ್ದಕ್ಕೆ ಕ್ಷಮೆಯಿಲ್ಲ, ಆ ಮಾತು ಬೇರೆ.

ನಮ್ಮ ಬಡಾವಣೆಗಳಲ್ಲಿ ಆಯ್ಕೆ ಹೀಗೆ ನಡೆಯುವುದಿಲ್ಲ. ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಸಮುದಾಯ ಭವನದ ಬಾಗಿಲಿಗೆ ಬ್ಯಾನರ್ ಬೀಳುತ್ತದೆ, ಮನೆಗೆ ಹತ್ತಿರ ಯಾವುದಿದೆಯೋ ಅದಕ್ಕೆ ಮಗು ಸೇರುತ್ತದೆ. ದೊಡ್ಡವರಾದರೆ ಸಿನಿಮಾ ನೋಡಿ ಸೇರುತ್ತಾರೆ. 1973ರಲ್ಲಿ ‘ಎಂಟರ್ ದ ಡ್ರ್ಯಾಗನ್’ ಬಂದ ಮೇಲೆ ನಮ್ಮ ಸಣ್ಣ ಊರುಗಳಲ್ಲೂ ಕರಾಟೆ ಶಾಲೆಗಳು ಎದ್ದವು. ಆಮೇಲೆ ಶಂಕರ್‌ನಾಗ್ ಅವರನ್ನು ಕರಾಟೆ ಕಿಂಗ್ ಎಂದು ಅಭಿಮಾನದಿಂದ ಕರೆದ ಕಾಲ ಬಂತು. 2019ರಲ್ಲಿ ‘ಪೈಲ್ವಾನ್’ ಬಂದಾಗ ಗರಡಿಯ ಮಾತು ಮತ್ತೆ ನಾಲಿಗೆಗೆ ಹತ್ತಿತು. ಸಿನಿಮಾ ಆಸೆ ಹುಟ್ಟಿಸುವುದರಲ್ಲಿ ತಪ್ಪೇನೂ ಇಲ್ಲ, ಆಸೆಯಿಲ್ಲದೆ ಯಾರು ತಾನೇ ಬೆಳಗಿನ ಐದಕ್ಕೆ ಏಳುತ್ತಾರೆ? ತೊಂದರೆ ಏನೆಂದರೆ, ಸಿನಿಮಾ ತೋರಿಸುವುದು ಹೊಡೆದಾಟವನ್ನು. ನಾವು ಕಲಿಯಲು ಹೋದಾಗ ಸಿಗುವುದು ಅಭ್ಯಾಸ. ಹೊಡೆದಾಟ ಬಹುಪಾಲು ಜನರ ಬದುಕಿನಲ್ಲಿ ಒಮ್ಮೆಯೂ ಬರುವುದಿಲ್ಲ. ಅಭ್ಯಾಸ ದಿನಾ ಬರುತ್ತದೆ, ಮಳೆಯಲ್ಲೂ ಬರುತ್ತದೆ, ಮನಸ್ಸಿಲ್ಲದ ದಿನವೂ ಬರುತ್ತದೆ. ಅದಕ್ಕೇ ನನ್ನ ಮಾತು ಇಷ್ಟು: ಆ ಕಲೆಯ ಗೆಲುವನ್ನು ನೋಡಿ ಮರುಳಾಗಬೇಡಿ, ಅದರ ಬೇಸರದ ಭಾಗವನ್ನು ನೋಡಿ ಆರಿಸಿಕೊಳ್ಳಿ. ಯಾವುದರ ಬೇಸರವನ್ನು ನಿಮ್ಮ ಮೈ ಖುಷಿಯಿಂದ ಸಹಿಸುತ್ತದೋ ಅದು ನಿಮ್ಮದು.

ಗರಡಿಯಿಂದಲೇ ಶುರು ಮಾಡೋಣ, ಅದು ನಮ್ಮ ಮನೆಯದು.

ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಬೀದಿಗೊಂದು ಗರಡಿ ಎನ್ನುವಂತಿತ್ತು. ಭೂತಪ್ಪನವರ ಗರಡಿಯಂಥ ಹೆಸರುಗಳು ಇವತ್ತಿಗೂ ಊರಿನ ಬಾಯಲ್ಲಿವೆ. ಹಳೆಯ ಗರಡಿಗಳ ಬಾಗಿಲು ಕುಳ್ಳು, ಎಂಥ ಆಜಾನುಬಾಹುವಾದರೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಹನುಮಂತನ ಪಟ, ಕೆಲವೆಡೆ ನಿಂಬಜಾದೇವಿ, ಗೋಡೆಗೆ ಒರಗಿಸಿದ ಗದೆಗಳು, ಕಲ್ಲುಗುಂಡುಗಳು, ನಡುವೆ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣು ಸುಮ್ಮನೆ ಸುರಿದದ್ದಲ್ಲ. ಜರಡಿ ಹಿಡಿದು, ಕಲ್ಲು ಆರಿಸಿ, ಎಣ್ಣೆ, ಅರಿಶಿನ, ನಿಂಬೆರಸ, ಮಜ್ಜಿಗೆ ಕಲಸಿ ಹದ ಮಾಡಿದ್ದು. ಬಿದ್ದರೆ ಪೆಟ್ಟಾಗಬಾರದು, ತರಚಿದರೆ ಕೀವಾಗಬಾರದು. ಹೊಸಬನಿಗೆ ಮೊದಲು ಸಿಗುವುದು ಪಟ್ಟಲ್ಲ, ಗುದ್ದಲಿ. ಮಟ್ಟಿ ಅಗೆಯಬೇಕು, ಮಗುಚಬೇಕು, ಮಟ್ಟ ಮಾಡಬೇಕು. ಆಮೇಲೆ ದಂಡ, ಬಸ್ಕಿ. ಮತ್ತೆ ದಂಡ, ಬಸ್ಕಿ. ಹುಡುಗನೊಬ್ಬ ತಾಳಲಾರದೆ, “ಉಸ್ತಾದ್, ಪಟ್ಟು ಯಾವಾಗ ಹೇಳ್ಕೊಡ್ತೀರಿ?” ಎಂದು ಕೇಳಿದ್ದನ್ನು ನಾನು ಗೋಡೆಯ ಪಕ್ಕ ನಿಂತು ಕೇಳಿಸಿಕೊಂಡಿದ್ದೇನೆ. ಹಿರಿಯರು ಮೈಗೆ ಎಣ್ಣೆ ತಿಕ್ಕುತ್ತಲೇ, “ಮಣ್ಣು ಅಗೀ ಮಗಾ, ಪಟ್ಟು ಎಲ್ಲೂ ಓಡಿ ಹೋಗಲ್ಲ” ಎಂದರು. ಗಡುಸು ಇರಲಿಲ್ಲ ಆ ದನಿಯಲ್ಲಿ. ಅಗೆತ ಬಲಪಡಿಸುವ ಸೊಂಟ, ಬೆನ್ನು, ಹಿಡಿತ, ಇವೇ ಮುಂದೆ ಪಟ್ಟಿಗೆ ಬೇಕಾದವು ಎಂದು ಅವರಿಗೆ ಗೊತ್ತಿತ್ತು.

ಕುಸ್ತಿ ಯಾರಿಗೆ ಒಗ್ಗುತ್ತದೆ? ದಪ್ಪ ಮೈಯವರಿಗೆ ಎಂದು ಜನ ತಿಳಿದಿದ್ದಾರೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದ ಖಾಶಾಬಾ ಜಾಧವ್ ಆಡಿದ್ದು 57 ಕೆ.ಜಿ. ವರ್ಗದಲ್ಲಿ. ಸಾತಾರಾ ಜಿಲ್ಲೆಯ ಗೋಳೇಶ್ವರದ ಸಣ್ಣಾಳು. ಗಂಡಸರಿಗೆ ಮಾತ್ರ ಎಂದೂ ತಿಳಿದಿದ್ದಾರೆ. ಹಾಗೆ ತಿಳಿದವರು ಉತ್ತರ ಕನ್ನಡದ ಹಳಿಯಾಳಕ್ಕೆ ಹೋಗಿ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕುಸ್ತಿ ನೋಡಬೇಕು. ಮೈಸೂರು ದಸರಾ ಕುಸ್ತಿಯಲ್ಲೂ ಹೆಣ್ಣುಮಕ್ಕಳಿಗೆ ‘ದಸರಾ ಕಿಶೋರಿ’ ಪ್ರಶಸ್ತಿ ಇದೆ. ಹಾಗಾಗಿ ಗಾತ್ರವೂ ಅಲ್ಲ, ಗಂಡುಹೆಣ್ಣೂ ಅಲ್ಲ. ಇನ್ನೊಬ್ಬರ ಬೆವರು ನಿಮ್ಮ ಮೈಗೆ ಅಂಟಿದರೆ ಅಸಹ್ಯ ಆಗುತ್ತದೆಯೇ ಎಂಬುದು ಪ್ರಶ್ನೆ. ಕತ್ತು ಯಾರದೋ ಕಂಕುಳಲ್ಲಿ ಸಿಕ್ಕಾಗ ಉಸಿರು ಸಮವಾಗಿ ಇರಿಸಿಕೊಳ್ಳಬಲ್ಲಿರಾ? ನಸುಕಿಗೆ ಏಳಬಲ್ಲಿರಾ? ಕಿವಿ ಮುರುಟಿದರೆ ಬೇಸರವಿಲ್ಲವೇ? ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಪೈಲ್ವಾನರ ಕಿವಿಯನ್ನು ಒಮ್ಮೆ ಹತ್ತಿರದಿಂದ ನೋಡಿ ತೀರ್ಮಾನಿಸುವುದು ಒಳ್ಳೆಯದು.

ಊಟದ ಖರ್ಚೂ ಲೆಕ್ಕಕ್ಕೆ ಬರಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುವುದು ಹೇಗೆ, ಅವರ ಸಾಧನೆ ಹೇಗಿರಬೇಕು, ಊಟವೇನು ಎಂದೆಲ್ಲ ಅಲ್ಲಿ ಹೇಳಿದೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಒಳ್ಳೆಯ ಸಿಹಿತಿಂಡಿ, ಇವೆಲ್ಲ ಅರಮನೆಯ ಖರ್ಚು. ನಮ್ಮ ಕಡೆಯ ದೊರೆಯೊಬ್ಬ ಒಂಬೈನೂರು ವರ್ಷಗಳ ಹಿಂದೆಯೇ ಯಾರಿಗೆ ಯಾವ ಜೋಡಿ, ಎಷ್ಟು ಸಾಧನೆ ಎಂದು ಕೂತು ಯೋಚಿಸಿದ್ದ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ. ಈಗ ಅರಮನೆ ಹಾಲು ಕೊಡುವುದಿಲ್ಲ. ಹಾಲು, ತುಪ್ಪ, ಬಾದಾಮಿ, ಮೊಟ್ಟೆಗೆಂದು ಮನೆಯವರೆಲ್ಲ ತಮ್ಮ ತಟ್ಟೆಯಿಂದ ತೆಗೆದು ಒಬ್ಬ ಮಗನನ್ನು ಪೈಲ್ವಾನನಾಗಿ ಮಾಡಿದ ಕುಟುಂಬಗಳು ಮೈಸೂರಿನಲ್ಲೂ ಇವೆ, ಬೆಳಗಾವಿ, ಧಾರವಾಡ, ದಾವಣಗೆರೆ ಕಡೆಯೂ ಇವೆ. ದಸರಾ ಕಂಠೀರವ ಪಟ್ಟ ಕೊರಳಿಗೆ ಬಿದ್ದಾಗ ಅದರಲ್ಲಿ ಅಕ್ಕತಂಗಿಯರ ಪಾಲೂ ಇರುತ್ತದೆ.

ದಸರೆಯ ಮಾತು ಬಂತಾದ್ದರಿಂದ ವಜ್ರಮುಷ್ಟಿ ಕಾಳಗದ ಮಾತನ್ನೂ ಆಡಿಬಿಡಬೇಕು. ವಿಜಯದಶಮಿಯ ಬೆಳಗ್ಗೆ, ಜಂಬೂಸವಾರಿ ಹೊರಡುವ ಮೊದಲು, ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ತಲೆ ಬೋಳಿಸಿಕೊಂಡು ಜುಟ್ಟು ಬಿಟ್ಟ ಜಟ್ಟಿಗಳು ಜೋಡಿಯಾಗಿ ಎದುರಾಗುತ್ತಾರೆ. ಮುಷ್ಟಿಗೆ ಮೊನೆಯಿರುವ ಆಯುಧ, ನೆತ್ತರು ಚಿಮ್ಮಿದ ಕೂಡಲೇ ಕಾಳಗ ನಿಲ್ಲುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳಿಂದ ಬಂದವರು ಅವರು. ಇದಕ್ಕೆ ಯಾರೂ ಅರ್ಜಿ ಹಾಕಿ ಸೇರುವಂತಿಲ್ಲ. ಇಲ್ಲಿ ಆಯ್ಕೆ ತಿರುಗುಮುರುಗು, ಮನೆತನ ಕರೆಯುತ್ತದೆ, ಮಗ ಹೋಗಿ ನಿಲ್ಲುತ್ತಾನೆ. ತುಳುನಾಡಿನ ಗರಡಿಗಳೂ ಹೀಗೆಯೇ ಬೇರೆ ಲೆಕ್ಕದವು. ಅಲ್ಲಿನ ಅವಳಿ ವೀರರಾದ ಕೋಟಿ ಚೆನ್ನಯರ ಗರಡಿಗೆ ನಾವು ಹೋಗುವುದು ಕೈಮುಗಿಯಲು. ಎಲ್ಲ ಸಮರಕಲೆಯೂ ಶುಲ್ಕ ಕಟ್ಟಿ ಕಲಿಯುವ ಸರಕಲ್ಲ ಎಂಬ ಅರಿವಿದ್ದರೆ, ಶುಲ್ಕ ಕಟ್ಟಿ ಕಲಿಯುವುದರ ಬಗೆಗೂ ಗೌರವ ಹುಟ್ಟುತ್ತದೆ.

ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಎನ್ನುತ್ತಾರೆ. ಬೀಳುವುದನ್ನೇ ಮೊದಲ ಪಾಠವಾಗಿ ಇಟ್ಟ ವಿದ್ಯೆ ಜೂಡೊ. ಜಿಗೊರೊ ಕಾನೊ ಎಂಬ ಕುಳ್ಳಗಿನ, ಓದಿನ ಹುಡುಗ ಶಾಲೆಯಲ್ಲಿ ಗಟ್ಟಿಗರ ಕಾಟ ತಡೆಯಲಾರದೆ ಹಳೆಯ ಜಪಾನಿ ಮಲ್ಲವಿದ್ಯೆಯಾದ ಜುಜುತ್ಸು ಕಲಿತ. ಅದರಲ್ಲಿ ಅಪಾಯದ ಪಟ್ಟುಗಳನ್ನು ಬದಿಗಿಟ್ಟು, ಪೂರ್ತಿ ಬಲ ಹಾಕಿ ಅಭ್ಯಾಸ ಮಾಡಿದರೂ ಜೊತೆಗಾರ ಮರುದಿನ ಎದ್ದು ಬರುವಂಥದ್ದನ್ನು ಉಳಿಸಿಕೊಂಡ. 1882ರಲ್ಲಿ ಟೋಕಿಯೋದ ಏಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆ ಹಾಸುವಷ್ಟು ಜಾಗದಲ್ಲಿ ಅವನ ಜೂಡೊ ಶಾಲೆ ಕೊಡೊಕಾನ್ ಶುರುವಾಯಿತು. ಆಗ ಕಾನೊಗೆ ಇನ್ನೂ ಇಪ್ಪತ್ತೊಂದು. 1964ರ ಹೊತ್ತಿಗೆ ಜೂಡೊ ಒಲಿಂಪಿಕ್ಸ್ ಮುಟ್ಟಿತು. ಹೆಂಗಸರ ಜೂಡೊಗೆ ಪದಕ ಸಿಗಲು 1992ರವರೆಗೆ ಕಾಯಬೇಕಾಯಿತು. ತಡವಾಯಿತು, ಬಹಳ ತಡ.

ಜೂಡೊ ಶಾಲೆಗೆ ಹೋದವರಿಗೆ ಮೊದಲ ಕೆಲವು ವಾರ ಬರೀ ಬೀಳುವ ಕೆಲಸ. ಹಿಂದಕ್ಕೆ, ಪಕ್ಕಕ್ಕೆ, ಮುಂದಕ್ಕೆ ಉರುಳಿ. ಗದ್ದ ಎದೆಗೆ ಒತ್ತಿ, ತಲೆ ನೆಲಕ್ಕೆ ತಾಗದಂತೆ, ಅಂಗೈಯಿಂದ ಚಾಪೆಗೆ ಬಡಿದು ಪೆಟ್ಟನ್ನು ಹಂಚಿಬಿಡುವುದು. ಎಷ್ಟೋ ಜನ ಇಲ್ಲೇ ಬಿಟ್ಟುಹೋಗುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಸಮರಕಲೆಗಳಲ್ಲಿ ಸಾಮಾನ್ಯ ಮನುಷ್ಯನಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಪಾಠ ಇದೇ. ನಮ್ಮನ್ನು ಯಾರೂ ಬೀದಿಯಲ್ಲಿ ತಡೆದು ಹೊಡೆಯದೆ ಇರಬಹುದು. ಬಚ್ಚಲಿನ ಜಾರಿಕೆ, ಮಳೆಗಾಲದ ಮೆಟ್ಟಿಲು, ಸ್ಕೂಟರಿನ ಕೆಳಗಿನ ಜಲ್ಲಿಕಲ್ಲು ನಮ್ಮನ್ನು ಬಿಡುವುದಿಲ್ಲ. ಚಿಕ್ಕಂದಿನಲ್ಲಿ ಬೀಳಲು ಕಲಿತ ಮೈ ಅದನ್ನು ಬಹುಕಾಲ ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದ ಎಂಟು ಹತ್ತು ವರ್ಷದ ಮಕ್ಕಳನ್ನು ಎಲ್ಲಿಗೆ ಸೇರಿಸಲಿ ಎಂದು ಕೇಳುವ ತಾಯಂದಿರಿಗೆ ನಾನು ಮೊದಲು ಹೇಳುವುದು ಜೂಡೊ, ಹತ್ತಿರದಲ್ಲಿ ಚಾಪೆ ಹಾಸಿದ ಒಳ್ಳೆಯ ಶಾಲೆ ಇದ್ದರೆ ಮಾತ್ರ. ಟೈಲ್ಸ್ ನೆಲದ ಮೇಲೆ ಎತ್ತಿ ಹಾಕುವುದನ್ನು ಕಲಿಸುವವರ ಕಡೆ ತಲೆ ಹಾಕಲೂ ಬೇಡಿ.

ಇದೇ ಕೊಡೊಕಾನ್‌ನಿಂದ ಹೊರಟ ಮಿತ್ಸುಯೊ ಮಾಯೆಡಾ ದೇಶ ಸುತ್ತಿ ಬ್ರೆಜಿಲ್ ಸೇರಿ ಅಲ್ಲಿ ಕಲಿಸಿದ್ದರಿಂದ, ಗ್ರೇಸಿ ಮನೆತನದವರು ಅದನ್ನು ನೆಲಕ್ಕೆ ಬಿದ್ದ ಮೇಲಿನ ಹಿಡಿತದ ವಿದ್ಯೆಯಾಗಿ ಬೆಳೆಸಿದರು. ಹಾಗೆ ಹುಟ್ಟಿದ ಬ್ರೆಜಿಲಿಯನ್ ಜುಜುತ್ಸು ಈಗ ಬೆಂಗಳೂರಿನಲ್ಲೂ ಬೇರು ಬಿಟ್ಟಿದೆ. ಒಂದು ಪಟ್ಟಿಗೆ ಏನು ಉತ್ತರ, ಆ ಉತ್ತರಕ್ಕೆ ಏನು ಮರು ಉತ್ತರ ಎಂದು ರಾತ್ರಿ ಮಲಗಿದಾಗಲೂ ಯೋಚಿಸುವ ಬುದ್ಧಿಯವರಿಗೆ, ಸಾಫ್ಟ್‌ವೇರ್ ಕಚೇರಿಗಳ ಹುಡುಗ ಹುಡುಗಿಯರಿಗೆ ಇದು ಹಿಡಿಸುವುದರಲ್ಲಿ ಆಶ್ಚರ್ಯವಿಲ್ಲ. ಸೋಲೊಪ್ಪಲು ಜೊತೆಗಾರನ ಮೈಯನ್ನು ಎರಡು ಸಲ ತಟ್ಟಿದರೆ ಸಾಕು, ಅವನು ಬಿಡುತ್ತಾನೆ. ದಿನಕ್ಕೆ ಹತ್ತು ಸಲ ಸೋತು, ತಟ್ಟಿ, ನಕ್ಕು ಮತ್ತೆ ಕೂರಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸೋಲು ಮನೆಯವರೆಗೂ ಹಿಂಬಾಲಿಸುವ ಸ್ವಭಾವದವರಿಗೆ ಬೇಡ.

ಕರಾಟೆಯ ಬೇಸರ ಬೇರೆ ಥರದ್ದು. ಅಲ್ಲಿ ಕಾತಾ ಎಂಬ ಕಟ್ಟಿಟ್ಟ ವರಸೆಗಳಿವೆ, ಎದುರಿಗೆ ಯಾರೂ ಇಲ್ಲದೆ ಗಾಳಿಯಲ್ಲಿ ಮಾಡುವಂಥವು. ಒಕಿನಾವಾದ ಶಾಲಾಮಾಸ್ತರ ಗಿಚಿನ್ ಫುನಾಕೋಶಿ ಚಿಕ್ಕಂದಿನಲ್ಲಿ ರೋಗಿಷ್ಠ ಹುಡುಗ. ರಾತ್ರಿ ಗುರು ಅಜಾಟೋ ಅವರ ಮನೆಯಂಗಳದಲ್ಲಿ ಒಂದೇ ಕಾತಾವನ್ನು ತಿಂಗಳುಗಟ್ಟಲೆ ಮಾಡುತ್ತಿದ್ದ. ಗುರು ಕೂತು ನೋಡುತ್ತಿದ್ದರು, ಇನ್ನೊಮ್ಮೆ ಮಾಡು ಎನ್ನುತ್ತಿದ್ದರು, ಹೊಗಳಿಕೆ ಅಪರೂಪ. ಟೆಕ್ಕಿ ಎಂಬ ಮೂರು ಕಾತಾಗಳಿಗೆ ಫುನಾಕೋಶಿ ಹತ್ತು ವರ್ಷ ಕೊಟ್ಟರು. 1922ರಲ್ಲಿ ಟೋಕಿಯೋದಲ್ಲಿ ಪ್ರದರ್ಶನ ಕೊಟ್ಟು ಕರಾಟೆಯನ್ನು ಜಪಾನಿನ ಮುಖ್ಯ ಭೂಮಿಗೆ ಪರಿಚಯಿಸಿದಾಗ ಅವರು ಐವತ್ತು ದಾಟಿದ್ದರು. ಈ ಹತ್ತು ವರ್ಷದ ಕಥೆ ಕೇಳಿ ನಿಮಗೆ ಎದೆಯುಬ್ಬಿದರೆ ಕರಾಟೆ ನಿಮ್ಮದು. ‘ಅಯ್ಯೋ, ಹತ್ತು ವರ್ಷವೇ’ ಎನ್ನಿಸಿದರೆ ಅಲ್ಲ. ಸಂಗೀತದಲ್ಲಿ ಸರಳೆ ಜಂಟಿ ವರಸೆಗಳನ್ನು ಪ್ರೀತಿಯಿಂದ ಹಾಡಿದ ಮಕ್ಕಳು ಕಾತಾದಲ್ಲೂ ಚೆನ್ನಾಗಿ ಬೆಳೆಯುವುದನ್ನು ನಾನು ನೋಡಿದ್ದೇನೆ. ಜನರೊಡನೆ ಮೈ ತಾಗಿಸಿಕೊಳ್ಳಲು ಹಿಂಜರಿಯುವ, ಒಬ್ಬರೇ ಮೂಲೆಯಲ್ಲಿ ಒಂದು ಕೆಲಸವನ್ನು ತಿದ್ದಿ ತೀಡಿ ಮಾಡುವ ಸ್ವಭಾವದವರಿಗೂ ಇದು ಹಿತ. ಶೋಟೊಕಾನ್, ಗೊಜು ರ‍್ಯು, ಶಿಟೊ ರ‍್ಯು, ವಾಡೊ ರ‍್ಯು ಎಂದು ಕವಲುಗಳಿವೆ. ಹೊಸಬರು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕ್ಯೊಕುಶಿನ್ ಒಂದು ಮಾತ್ರ ಬೇರೆ, ಅಲ್ಲಿ ಪೆಟ್ಟು ನಿಜವಾಗಿಯೂ ಬೀಳುತ್ತದೆ.

ಟೇಕ್ವಾಂಡೋ ಕೊರಿಯಾದ್ದು, ಕಾಲಿನ ವಿದ್ಯೆ, 2000ದ ಸಿಡ್ನಿಯಿಂದ ಒಲಿಂಪಿಕ್ಸ್ ಪದಕದ ಆಟ. ಉದ್ದ ಕಾಲಿನ, ಚಿಮ್ಮುವ ಮೈಯ ಹದಿಹರೆಯದವರಿಗೆ ಬಹಳ ಚೆಂದ. ಸೊಂಟದ ಕೀಲು ಬಿಗಿಯಾದ ನಲವತ್ತರವರು ಎತ್ತರದ ಒದೆಗೆ ಆಸೆ ಪಟ್ಟರೆ ಫಿಸಿಯೋಥೆರಪಿಯವರ ಬಾಗಿಲು ತಟ್ಟಬೇಕಾದೀತು. ಬಾಕ್ಸಿಂಗ್ ಬಗ್ಗೆ ನನಗೆ ಪ್ರೀತಿಯಿದೆ, ಆದರೆ ಬೆಳೆಯುವ ಮಕ್ಕಳ ತಲೆಗೆ ಮತ್ತೆ ಮತ್ತೆ ಗುದ್ದು ಬೀಳುವುದನ್ನು ನಾನು ಒಪ್ಪಲಾರೆ. ಚೀಲಕ್ಕೆ ಗುದ್ದಲಿ, ಹಗ್ಗ ಜಿಗಿಯಲಿ, ಕಾಲಿನ ಹೆಜ್ಜೆ ಕಲಿಯಲಿ, ಸಾಕು.

ಇನ್ನು ಕೇರಳದ ಕಳರಿ. ಬೆಂಗಳೂರಿನಲ್ಲಿ ಈಗ ಕಳರಿಪಯಟ್ಟು ಕಲಿಯುವವರು ಬಹಳ, ನೃತ್ಯ ಮತ್ತು ರಂಗಭೂಮಿಯವರಂತೂ ಅದನ್ನು ಅಪ್ಪಿಕೊಂಡಿದ್ದಾರೆ. ಕಲಿಯುವ ಅಂಗಳದ ಹೆಸರೂ ಕಳರಿಯೇ, ಸಾಂಪ್ರದಾಯಿಕವಾಗಿ ಅದನ್ನು ನೆಲ ಅಗೆದು ತಗ್ಗಿನಲ್ಲಿ ಮಾಡುತ್ತಾರೆ. ಉದ್ದ 42 ಅಡಿ, ಅಗಲ 21, ಬಾಗಿಲು ಪೂರ್ವಕ್ಕೆ, ನೈಋತ್ಯ ಮೂಲೆಯಲ್ಲಿ ಪೂತ್ತರ ಎಂಬ ಏಳು ಮೆಟ್ಟಿಲಿನ ಪೂಜಾವೇದಿಕೆ. ಕಲಿಕೆಯ ಕ್ರಮ ನೋಡಿ: ಮೊದಲು ಮೈಯ ವರಸೆ, ಆಮೇಲೆ ಕೋಲು, ಆಮೇಲೆ ಕತ್ತಿ ಗುರಾಣಿ ಕಠಾರಿ ಉರುಮಿ, ಎಲ್ಲ ಆದ ಮೇಲೆ ಕಡೆಗೆ ಬರಿಗೈ. ಕರಾಟೆಯವರು ಬರಿಗೈಯಿಂದ ಶುರು ಮಾಡಿದರೆ ಕಳರಿಯವರು ಅಲ್ಲಿಗೆ ಮುಟ್ಟುತ್ತಾರೆ. ಆಯುಧ ಹಿಡಿದು ಅಂತರ ಅಳೆಯಲು ಕಲಿತವನಿಗೆ ಮಾತ್ರ ಆಯುಧವಿಲ್ಲದೆ ನಿಲ್ಲುವ ಧೈರ್ಯ ಬರುತ್ತದೆ ಎಂಬ ಆಲೋಚನೆ ಅದರ ಹಿಂದೆ ಇರಬೇಕು, ನನಗದು ಸರಿಯೆನ್ನಿಸುತ್ತದೆ. ಮಳೆಗಾಲದಲ್ಲಿ ಎಣ್ಣೆ ಹಚ್ಚಿ ಉಜ್ಜುವ ಚಿಕಿತ್ಸೆಯೂ ಈ ವಿದ್ಯೆಯ ಅಂಗವೇ, ಪೆಟ್ಟು ಕೊಡುವ ಗುರುವೇ ಪೆಟ್ಟಿಗೆ ಮದ್ದನ್ನೂ ಬಲ್ಲವನು. ವಡಗರದ ಮೀನಾಕ್ಷಿ ಅಮ್ಮ ಏಳನೆಯ ವಯಸ್ಸಿಗೆ ಕಳರಿಗೆ ಇಳಿದವರು. 2017ರಲ್ಲಿ ಪದ್ಮಶ್ರೀ ಬಂದಾಗ ಎಪ್ಪತ್ತು ದಾಟಿತ್ತು, ಸೀರೆ ಬಿಗಿದು ಕಟ್ಟಿ ಕತ್ತಿ ಹಿಡಿದು ಮಕ್ಕಳಿಗೆ ಕಲಿಸುತ್ತಿದ್ದರು. ಮೈಯಲ್ಲಿ ಲಯವಿರುವವರು, ಅವಸರವಿಲ್ಲದವರು, ಕೆಳಗೆ ಕೂತು ಮೇಲೆ ಹಾರುವ ಮಂಡಿ ಗಟ್ಟಿಯಿರುವವರು ಕಳರಿಗೆ ಹೋಗಲಿ. ಆರು ತಿಂಗಳಲ್ಲಿ ಆತ್ಮರಕ್ಷಣೆ ಬೇಕು ಎನ್ನುವವರಿಗೆ ಅದು ಆಗಿಬರುವುದಿಲ್ಲ.

ನಮ್ಮ ಹಳ್ಳಿಗಳ ದೊಣ್ಣೆವರಸೆ, ಕತ್ತಿವರಸೆಗಳು ಜಾತ್ರೆ, ಮೊಹರಂ, ಹಬ್ಬದ ಮೆರವಣಿಗೆಗಳಲ್ಲಿ ಅಲ್ಲಲ್ಲಿ ಉಳಿದಿವೆ. ನಿಮ್ಮ ಊರಿನಲ್ಲಿ ಅದನ್ನು ಬಲ್ಲ ಹಿರಿಯರು ಇದ್ದರೆ ಬೇರೆ ಯಾವುದನ್ನೂ ಹುಡುಕಬೇಡಿ, ಅವರ ಬಳಿ ಹೋಗಿ. ಅವರು ಹೋದ ಮೇಲೆ ಅದನ್ನು ಎಲ್ಲಿಂದಲೂ ತರಿಸಿಕೊಳ್ಳಲಾಗದು.

ಅರವತ್ತರ ಮೇಲಿನವರಿಗೆ ತೈಚಿ. ಚೀನಾದ ಹೆನಾನ್ ಪ್ರಾಂತ್ಯದ ಚೆನ್ ಹಳ್ಳಿಯ ಮನೆತನದ ವಿದ್ಯೆ ಅದು. ಜನಸಾಮಾನ್ಯರ ಆರೋಗ್ಯಕ್ಕೆಂದು 1956ರಲ್ಲಿ ಅಲ್ಲಿನ ಸರ್ಕಾರ 24 ಭಂಗಿಗಳ ಸರಳ ಕ್ರಮವೊಂದನ್ನು ರೂಪಿಸಿತು, ಈಗ ಜಗತ್ತಿನ ಪಾರ್ಕುಗಳಲ್ಲೆಲ್ಲ ಕಾಣುವುದು ಹೆಚ್ಚಾಗಿ ಅದೇ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಮೈಭಾರವನ್ನು ಮೆಲ್ಲಗೆ ದಾಟಿಸುವುದೇ ಅದರ ಸಾರ. ವಯಸ್ಸಾದವರು ಬೀಳುವುದನ್ನು ಅದು ಕಡಿಮೆ ಮಾಡುತ್ತದೆ ಎಂದು ವೈದ್ಯಕೀಯ ಅಧ್ಯಯನಗಳು ಮತ್ತೆ ಮತ್ತೆ ಕಂಡುಕೊಂಡಿವೆ. ಮಂಡಿ ಸವೆದವರು ಎತ್ತರದ ನಿಲುವಿನಲ್ಲೇ ಮಾಡಬೇಕು, ಬಗ್ಗುವ ಹಟ ಬೇಡ. ಸ್ಪರ್ಧೆಯೇ ಬೇಡ, ಗೆಲ್ಲುವುದೂ ಬೇಡ ಎನ್ನುವ ನಡುವಯಸ್ಸಿನವರು ಮೊರಿಹೆಯಿ ಉಯೆಶಿಬಾ ಅವರ ಐಕಿಡೋ ನೋಡಬಹುದು, ಮಣಿಕಟ್ಟಿನ ನೋವಿದ್ದವರು ಮೊದಲೇ ಗುರುವಿಗೆ ಹೇಳಿರಬೇಕು.

ಆತ್ಮರಕ್ಷಣೆಯ ಮಾತನ್ನು ಬೇಕೆಂದೇ ತಡವಾಗಿ ಎತ್ತಿದ್ದೇನೆ. ಹೆಣ್ಣುಮಕ್ಕಳ ತಂದೆತಾಯಿಯರಿಗೆ ಅದೇ ಮೊದಲ ಚಿಂತೆ, ಅದು ನ್ಯಾಯವಾದ ಚಿಂತೆ. ಸರ್ಕಾರಿ ಶಾಲೆಗಳಲ್ಲಿ ಓಬವ್ವನ ಹೆಸರಿನಲ್ಲೇ ಹುಡುಗಿಯರಿಗೆ ತರಬೇತಿ ಕೊಡುತ್ತಾರೆ. ಓಬವ್ವನ ಕಥೆಯನ್ನು ನಾವು ಧೈರ್ಯದ ಕಥೆಯಾಗಿ ಹೇಳುತ್ತೇವೆ, ಅದು ಅಭ್ಯಾಸದ ಕಥೆಯೂ ಹೌದು. ಚಿತ್ರದುರ್ಗದ ಕೋಟೆ ಕಾಯುವ ಗಂಡ ಊಟಕ್ಕೆ ಕೂತಿದ್ದಾನೆ, ನೀರಿಗೆ ಹೋದವಳಿಗೆ ಕಲ್ಲಿನ ಸಂದಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದು ಕಂಡಿದೆ. ಅವಳು ಹಿಡಿದದ್ದು ಕತ್ತಿಯಲ್ಲ, ಒನಕೆ. ಭತ್ತ ಕುಟ್ಟಿ ಕುಟ್ಟಿ ತೋಳು, ಸೊಂಟ, ಉಸಿರು ಮೂರೂ ಯಾವ ಲಯಕ್ಕೆ ಒಗ್ಗಿದ್ದವೋ ಅದೇ ಲಯದಲ್ಲಿ ಅವಳು ಹೊಡೆದಳು. ಕಷ್ಟದ ಗಳಿಗೆಯಲ್ಲಿ ಕೈ ಹಿಡಿಯುವುದು ದಿನಾ ಮಾಡಿದ ಕೆಲಸವೇ. ಆದ್ದರಿಂದ ವಾರಾಂತ್ಯದ ಎರಡು ಗಂಟೆಯ ಶಿಬಿರದಲ್ಲಿ ಹತ್ತು ಪಟ್ಟು ಕಲಿತು ಬಂದ ಮಗಳು ಈಗ ಸುರಕ್ಷಿತ ಎಂದುಕೊಳ್ಳಬೇಡಿ. ಗಟ್ಟಿಯಾಗಿ ಕೂಗುವುದು, ಓಡುವುದು, 112ಕ್ಕೆ ಫೋನ್ ಮಾಡುವುದು ಅವಳಿಗೆ ಮೊದಲು ಬರಲಿ. ಅದರ ಜೊತೆಗೆ ವರ್ಷಗಟ್ಟಲೆ ಮಾಡುವಂಥ ಒಂದು ವಿದ್ಯೆ ಇರಲಿ. ಯಾರಾದರೂ ಹಿಡಿದಾಗ ಗಾಬರಿಯಲ್ಲಿ ಮರಗಟ್ಟದೆ ಮೈ ಬಿಡಿಸಿಕೊಳ್ಳುವ ಅಭ್ಯಾಸ ಜೂಡೊ, ಜುಜುತ್ಸು, ಕುಸ್ತಿಯಲ್ಲಿ ಚೆನ್ನಾಗಿ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅವಳಿಗೆ ಕರಾಟೆಯೇ ಇಷ್ಟವೆಂದರೆ ಕರಾಟೆಯೇ ಆಗಲಿ, ಇಷ್ಟವಿಲ್ಲದ್ದನ್ನು ಅವಳು ಮೂರನೆಯ ತಿಂಗಳಿಗೆ ಬಿಡುತ್ತಾಳೆ.

ಕಡೆಗೆ ಎಲ್ಲ ಬಂದು ನಿಲ್ಲುವುದು ಗುರುವಿನ ಬಳಿ. ಹೊಂದದ ಕಲೆಯ ಒಳ್ಳೆಯ ಗುರು, ಹೊಂದುವ ಕಲೆಯ ಕೆಟ್ಟ ಗುರು, ಇಬ್ಬರಲ್ಲಿ ಒಬ್ಬರನ್ನು ಆರಿಸು ಎಂದರೆ ನಾನು ಕಣ್ಣು ಮುಚ್ಚಿ ಮೊದಲನೆಯವರ ಬಳಿ ಹೋಗುತ್ತೇನೆ. ಹಣ ಕಟ್ಟುವ ಮೊದಲು ಒಂದು ತರಗತಿಯನ್ನು ಪೂರ್ತಿ ಕೂತು ನೋಡಿ. ನೋಡಲು ಬಿಡುವುದಿಲ್ಲ ಎಂದರೆ ಎದ್ದು ಬನ್ನಿ. ಅಲ್ಲಿನ ಜಾಣ ಶಿಷ್ಯನನ್ನು ನೋಡಬೇಡಿ, ಎಲ್ಲರಿಗಿಂತ ಹಿಂದೆ ಬಿದ್ದ ಮಗುವನ್ನು ನೋಡಿ. ಅದರ ಕಡೆ ಗುರುವಿನ ಕಣ್ಣು ಹೋಗುತ್ತದೆಯೇ, ಹಿರಿಯ ಶಿಷ್ಯರು ಅದರೊಡನೆ ಜೋಡಿಯಾದಾಗ ಕೈ ಹಗುರ ಮಾಡುತ್ತಾರೆಯೇ, ನೋವು ಎಂದವನಿಗೆ ಅಲ್ಲಿ ನೀರು ಸಿಗುತ್ತದೆಯೋ ಬೈಗುಳ ಸಿಗುತ್ತದೆಯೋ. ಮಗು ಎರಡು ವರ್ಷದಲ್ಲಿ ಕಪ್ಪು ಪಟ್ಟಿ ಕಟ್ಟುತ್ತದೆ ಎಂದು ಮಾತು ಕೊಡುವ ಶಾಲೆಗಳಿವೆ, ಬಣ್ಣ ಬದಲಾದಂತೆಲ್ಲ ಪರೀಕ್ಷೆಯ ಶುಲ್ಕ ಏರುತ್ತದೆ. ಕಪ್ಪು ಪಟ್ಟಿ ಹುಟ್ಟಿದ್ದು 1880ರ ದಶಕದಲ್ಲಿ, ಕಾನೊ ಅವರ ಕೊಡೊಕಾನ್‌ನಲ್ಲಿ. ಅಡಿಪಾಯ ಗಟ್ಟಿಯಾಯಿತು, ಇನ್ನು ಕಲಿಕೆ ಶುರು ಎಂಬ ಗುರುತು ಅದು. ಅದನ್ನೇ ಕೊನೆಯ ಬಹುಮಾನವಾಗಿ ಮಾರುವವರಿಂದ ದೂರವಿರಿ.

ಬಸ್ಸು ಬದಲಿಸಿ ಹೋಗಬೇಕಾದ ಪ್ರಸಿದ್ಧ ಶಾಲೆಗಿಂತ ನಡೆದು ಹೋಗುವ ದೂರದ ಸಾಧಾರಣ ಶಾಲೆ ಎಷ್ಟೋ ಸಲ ಮೇಲು, ಏಕೆಂದರೆ ದಣಿದ ಸಂಜೆಯಲ್ಲೂ ಅಲ್ಲಿಗೆ ಕಾಲು ಹೋಗುತ್ತದೆ. ರಕ್ತದೊತ್ತಡ, ಹೃದಯ, ಬೆನ್ನಿನ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಹೆಜ್ಜೆಯಿಡಬೇಡಿ. ಮೂರು ತಿಂಗಳು ಮಾಡಿ ನೋಡಿ, ಅಷ್ಟರಲ್ಲಿ ಅಭ್ಯಾಸದ ದಿನ ತಪ್ಪಿದರೆ ಮೈಗೆ ಏನೋ ಕಳೆದುಕೊಂಡ ಹಾಗೆ ಆಗದಿದ್ದರೆ ಸಂಕೋಚವಿಲ್ಲದೆ ಬೇರೆಯದಕ್ಕೆ ಹೋಗಿ, ಗುರುವಿಗೆ ನಮಸ್ಕಾರ ಹೇಳಿ ಹೋಗಿ. ಈ ವಾರವೇ ಒಂದು ದಿನ ಬಿಡುವು ಮಾಡಿಕೊಂಡು ಹತ್ತಿರದ ಗರಡಿಗೋ ಶಾಲೆಗೋ ಹೋಗಿ ಕೂತು ಬನ್ನಿ. ಮೊದಲ ದಿನದ ಅಭ್ಯಾಸಕ್ಕೆ ಉಂಗುರ, ಬಳೆ, ಸರ ತೆಗೆದಿಟ್ಟು, ಉಗುರು ಕತ್ತರಿಸಿಕೊಂಡು, ಹೊಟ್ಟೆ ಹಗುರ ಇಟ್ಟುಕೊಂಡು ಹೋಗಿ.